ಕೆಂಪು ರಿಬ್ಬನ್ನು

ನಾನು ಅಂಜುಬುರುಕಿ. ಹುಟ್ಟಾ ಅಂಜುಬುರುಕಿಯಲ್ಲ, ಒಂಬತ್ತನೆಯ ಇಯತ್ತೆಯಿಂದ. ಅದಕ್ಕೂ ಮೊದಲು ನಾಗನೂರಿನ ಕನ್ನಡ ಶಾಲೆಯಲ್ಲಿ ನನ್ನ ಬಾಯಿಗೆ ಬೀಗ ಹಾಕುವುದು ಯಾರಿಂದಲೂ ಆಗುತ್ತಿರಲಿಲ್ಲ. ಗುರುಗಳು ಪ್ರಶ್ನೆ ಮುಗಿಸುವ ಮೊದಲೇ ಎದ್ದು ನಿಂತಿರುತ್ತಿದ್ದೆ. ಉತ್ತರ ತಪ್ಪಾದರೂ ಜೋರಾಗಿಯೇ ತಪ್ಪಾಗಿರುತ್ತಿತ್ತು. "ಈಕಿ ವಕೀಲ್ಕಿ ಮಾಡಾಕಿ ನೋಡ್ರಿ" ಎಂದು ಗುರುಗಳು ಅಪ್ಪನ ಮುಂದೆ ನಗುತ್ತಿದ್ದರು. ಅವರ ಮಾತು ಅರ್ಧ ಖರೆಯಾಯಿತು. ಈಗ ನಾನು ಗೋಕಾಕದಲ್ಲಿ ಕೋರ್ಟಿನ ಎದುರಿನ ಅಂಗಡಿಯೊಂದರಲ್ಲಿ ವಕೀಲರ ಅರ್ಜಿಗಳನ್ನು ಟೈಪ್ ಮಾಡುತ್ತೇನೆ. ಊರವರ ವಾದವನ್ನೆಲ್ಲ ಬೆರಳುಗಳಿಂದ ಪಟಪಟ ಹೇಳುತ್ತೇನೆ, ನನ್ನದೊಂದು ಮಾತು ಬಾಯಿಬಿಟ್ಟು ಹೇಳಬೇಕೆಂದರೆ ಅಂಗೈ ಬೆವರುತ್ತದೆ.

ನಮ್ಮದು ಕುರಿಯ ಮನೆತನ. ಸ್ವಲ್ಪ ಹೊಲವೂ ಇತ್ತು, ಅದನ್ನು ಅವ್ವ ನೋಡಿಕೊಳ್ಳುತ್ತಿದ್ದಳು. ಅಪ್ಪ ಹಿಂಡಿನ ಜೊತೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ಕೂಡಿಸುತ್ತ, ಇವತ್ತು ಈ ಊರ ಹೊಲ, ನಾಳೆ ಆ ಊರ ಹೊಲ ಎಂದು ತಿರುಗುತ್ತಿದ್ದ. ನನ್ನನ್ನು ಮಾತ್ರ ಎಂಟನೆಯ ಇಯತ್ತೆಗೆ ಮೂಡಲಗಿಯ ಒಂದು ಹೈಸ್ಕೂಲಿಗೆ ಹಾಕಿದ. ಆಗ ಮೂಡಲಗಿ ಇನ್ನೂ ತಾಲೂಕಾಗಿರಲಿಲ್ಲ. ಆದರೂ ಬಸ್ಸಿನಿಂದ ಇಳಿದ ನಮಗೆ ಅದು ದೊಡ್ಡ ಪೇಟೆಯೇ. ನಾವು ಎಂದರೆ ನಾನು ಮತ್ತು ನನ್ನ ಗೆಳತಿ, ನಮ್ಮೂರ ಬಳೆಗಾರ ಸಾಬರ ಮಗಳು. ಒಂದೇ ಬಸ್ಸು, ಒಂದೇ ಬೆಂಚು, ಒಂದೇ ಡಬ್ಬಿಯ ಊಟ.

ಒಂಬತ್ತನೆಯ ಇಯತ್ತೆಗೆ ಕಾಲಿಟ್ಟಾಗ ಶಾಲೆಗೆ ಹೊಸ ಹೆಡ್ ಸರ್ ಬಂದರು. ಕೆಟ್ಟವರಲ್ಲ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದರು, ಯಾರ ಮೇಲೂ ಕೈ ಎತ್ತುತ್ತಿರಲಿಲ್ಲ. ಹತ್ತನೆಯ ಇಯತ್ತೆಯ ಫಲಿತಾಂಶ ನೂರಕ್ಕೆ ನೂರು ಬರಬೇಕು ಎನ್ನುವುದೊಂದೇ ಅವರ ಹುಚ್ಚು. ಮೊದಲ ಪರೀಕ್ಷೆ ಮುಗಿದ ಮೇಲೆ ಪ್ರಾರ್ಥನೆಯ ಹೊತ್ತಿಗೆ ಅವರು ಒಂದು ಹೊಸ ಪದ್ಧತಿ ಸಾರಿದರು. ಚೆನ್ನಾಗಿ ಪಾಸಾದವರಿಗೆ ಹಸಿರು ರಿಬ್ಬನ್ನು, ಹೇಗೋ ದಾಟಿದವರಿಗೆ ಹಳದಿ, ಫೇಲಾದವರಿಗೆ ಕೆಂಪು. ಹುಡುಗಿಯರು ಜಡೆಗೆ ಕಟ್ಟಬೇಕು, ಹುಡುಗರು ಅಂಗಿಯ ಕಿಸೆಯ ಮೇಲೆ ಒಂದು ತುಂಡು ಚುಚ್ಚಿಕೊಳ್ಳಬೇಕು. ಯಾವ ಹುಡುಗ ಓದಿನಲ್ಲಿ ಎಲ್ಲಿದ್ದಾನೆ ಎಂದು ಮಾಸ್ತರರಿಗೆ ಕಂಡ ಕೂಡಲೇ ಗೊತ್ತಾಗಲಿ ಎಂಬುದು ಅವರ ವಿಚಾರ. ರಿಬ್ಬನ್ನಿನ ಸುರುಳಿಗಳು ಬಂದದ್ದು ನನ್ನ ಗೆಳತಿಯ ಅಪ್ಪನ ಅಂಗಡಿಯಿಂದಲೇ.

ನನಗೆ ಗಣಿತ ಮತ್ತು ಇಂಗ್ಲಿಷು ಕೈಕೊಟ್ಟಿದ್ದವು. ಎರಡೂ ಜಡೆಗೆ ಕೆಂಪು ಬಿತ್ತು. ಗೆಳತಿಗೆ ಹಸಿರು.

ಮೊದಲ ದಿನ ನಕ್ಕೆ. ಖರೆ ಹೇಳುತ್ತೇನೆ, ಕನ್ನಡಿಯಲ್ಲಿ ನೋಡಿಕೊಂಡು ಹಸಿರಿಗಿಂತ ಇದೇ ಛಲೋ ಕಾಣುತ್ತದೆ ಎಂದುಕೊಂಡಿದ್ದೆ. ಆಮೇಲೆ ಒಂದೊಂದಾಗಿ ಸುರುವಾಯಿತು. ಕೆಂಪಿನವರು ಹಿಂದಿನ ಬೆಂಚಿಗೆ. ಪ್ರಾರ್ಥನೆಯ ಸಾಲಿನಲ್ಲಿ ಕೊನೆಗೆ. ಸ್ನೇಹ ಸಮ್ಮೇಳನದ ನಾಟಕದಲ್ಲಿ ಕೆಂಪಿನವರು ಬೇಡ, ಅವರು ಓದಿಕೊಳ್ಳಲಿ. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯುವ ಬಾಯಿ ನನಗಿತ್ತು. ನಮ್ಮನ್ನು ಸುಮ್ಮನೆ ದಾಟಿ ಹೋಗುತ್ತಿದ್ದರು, ಅಷ್ಟೇ.

ಒಂದು ದಿನ ವಿಜ್ಞಾನದ ಟೀಚರ್, ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಎಷ್ಟು ಭಾಗಗಳಿರುತ್ತವೆ ಎಂದು ಕೇಳಿದರು. ನನ್ನ ಕೈ ತಾನಾಗಿ ಮೇಲೆ ಹೋಯಿತು. ಹಬ್ಬಕ್ಕೆ ಕುರಿ ಕೊಯ್ದಾಗ ಅಂಗಳದಲ್ಲಿ ಕುಳಿತು ಅವ್ವನಿಗೆ ನೀರು ಹಾಕಿ ತೊಳೆದುಕೊಟ್ಟವಳು ನಾನು. ನಾಲ್ಕು ಎಂದು ನನಗಲ್ಲದೆ ಮತ್ತಾರಿಗೆ ಗೊತ್ತಿರಬೇಕು? ಟೀಚರ ಕಣ್ಣು ನನ್ನ ಮುಖಕ್ಕೆ ಬಂತು. ಅಲ್ಲಿಂದ ಜಡೆಗೆ ಇಳಿಯಿತು. ಜಡೆಯಿಂದ ಮುಂದಿನ ಬೆಂಚಿಗೆ ಹೋಯಿತು. ಅಲ್ಲಿ ಹಸಿರಿನ ಹುಡುಗಿಯೊಬ್ಬಳು ಎದ್ದು "ಮೂರು" ಎಂದಳು. "ವಿಚಾರ ಮಾಡಿ ಹೇಳು, ನಿನಗ ಬರತೈತಿ" ಎಂದರು ಟೀಚರ್. ನನ್ನ ಕೈ ಮೇಲೆಯೇ ಇತ್ತು. ಆಮೇಲೆ ಇಳಿಸಿದೆ.

ಅದರಿಂದ ನೋವಾಯಿತು ಎಂದರೆ ಪೂರ್ತಿ ಹೇಳಿದಂತಾಗದು. ಹೆದರಿಕೆಯಾಯಿತು. ಏಕೆಂದರೆ ಕೈ ಇಳಿಸಿ ಕುಳಿತ ಮೇಲೆ, ಮೂರೇ ಇರಬಹುದೇನೋ ಎಂದು ನನಗೇ ಅನಿಸಿತು. ನನ್ನ ಕೈಯಾರೆ ತೊಳೆದದ್ದು, ಕಣ್ಣಾರೆ ಕಂಡದ್ದು ನನಗೇ ಸುಳ್ಳಾಗತೊಡಗಿತ್ತು. ಕೆಂಪಿನವಳಿಗೆ ಗೊತ್ತಿರುವುದು ಹೇಗೆ ಸರಿಯಿದ್ದೀತು? ಅವತ್ತಿನಿಂದ ಕೈ ಎತ್ತಲಿಲ್ಲ. ಯಾರಾದರೂ ನನ್ನ ಕಡೆ ನೋಡಿದರೂ ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ. ಮುಂಜಾನೆ ಬಸ್ಸಿನ ಹಾರ್ನು ಕೇಳಿದರೆ ರೊಟ್ಟಿ ಇಳಿಯುತ್ತಿರಲಿಲ್ಲ.

ಗೆಳತಿಗೆ ಇದೆಲ್ಲ ಕಾಣುತ್ತಿತ್ತು. ಸಂಜೆ ಬಸ್ಸು ಮೂಡಲಗಿ ಬಿಟ್ಟ ಕೂಡಲೇ ಅವಳು ತನ್ನ ಹಸಿರು ರಿಬ್ಬನ್ನು ಬಿಚ್ಚಿ ಕಿಸೆಗೆ ಹಾಕಿಕೊಳ್ಳುತ್ತಿದ್ದಳು. ನಾನೂ ನನ್ನದನ್ನು ಬಿಚ್ಚುತ್ತಿದ್ದೆ. ಇಬ್ಬರೂ ಜಡೆ ಇಳಿಬಿಟ್ಟುಕೊಂಡು ಊರು ಸೇರುತ್ತಿದ್ದೆವು, ಮರುದಿನ ಬಸ್ಸಿನಲ್ಲೇ ಮತ್ತೆ ಕಟ್ಟಿಕೊಳ್ಳುತ್ತಿದ್ದೆವು. ಆ ಕರುಣೆಗೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ಮನೆಯಲ್ಲಿ ಯಾರಿಗೂ ರಿಬ್ಬನ್ನಿನ ಸುದ್ದಿ ಗೊತ್ತಾಗದೆ ಇದ್ದದ್ದು ಅದರಿಂದಲೇ. ಅಪ್ಪನಿಗೆ ಗೊತ್ತಾಗಬಾರದು, ನನಗೆ ಬೇಕಾಗಿದ್ದದ್ದು ಅಷ್ಟೇ. ಇಡೀ ಊರಲ್ಲಿ ನಾನು ಶಾಣ್ಯಾಕಿ ಎಂದು ನಂಬಿದ್ದವನು ಅವನೊಬ್ಬನೇ ಉಳಿದಿದ್ದ. ನನಗೇ ಆ ನಂಬಿಕೆ ಉಳಿದಿರಲಿಲ್ಲ.

ಗೊತ್ತಾಗುವುದು ಹೇಗೂ ಗೊತ್ತಾಯಿತು. ಒಂದು ಮುಂಜಾನೆ ಮೂಡಲಗಿಗೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಬಸ್ಸು ನಿಂತಿತು. ಕುರಿಹಿಂಡು ರಸ್ತೆ ದಾಟುತ್ತಿತ್ತು. ಹಿಂಡಿನ ಹಿಂದೆ ಅಪ್ಪ. ಬಸ್ಸಿನ ತುಂಬ ಶಾಲೆಯ ಹುಡುಗರು, ಮೂಗು ಮುಚ್ಚಿಕೊಂಡು ಬ್ಯಾ ಬ್ಯಾ ಎನ್ನತೊಡಗಿದರು. ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಜಡೆ ಕಿಟಕಿಯ ಕಡೆಗೇ ಬಂತು.

"ಯವ್ವಾ! ಈ ಕೆಂಪು ಯಾರ ಕಟ್ಟ್ಯಾರ ನಿನಗ?" ಅಪ್ಪ ಕಿಟಕಿಯ ಕೆಳಗೇ ನಿಂತಿದ್ದ.

"ಸಾಲ್ಯಾಗ" ಎಂದೆ.

"ಎಲ್ಲಾರಿಗೂ ಕಟ್ಟ್ಯಾರೇನು?"

"ಇಲ್ಲ. ಹಿಂದ ಬಿದ್ದವ್ರಿಗೆ ಅಟ್ಟ."

ಬಸ್ಸು ಹೊರಟಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಆ ದಿನವೆಲ್ಲ ಶಾಲೆಯಲ್ಲಿ ಏನು ಹೇಳಿದರೋ, ಏನು ಬರೆಸಿದರೋ ಒಂದೂ ನೆನಪಿಲ್ಲ. ಸಂಜೆ ಅಪ್ಪ ನಮ್ಮೂರ ಹೊಲಕ್ಕೇ ಹಿಂಡು ಹೊಡೆದುಕೊಂಡು ಬಂದಿದ್ದ. ಅವ್ವ ಬುತ್ತಿ ಕೊಟ್ಟು ಹಟ್ಟಿಗೆ ಕಳಿಸಿದಳು. ಕಾಲು ಎಳೆಯುತ್ತ ಹೋದೆ.

ಅಪ್ಪ ಬೈಯಲಿಲ್ಲ. ಅವನ ಮುಖ ಅರಳಿತ್ತು.

ನಮ್ಮ ಹಟ್ಟಿಯಲ್ಲಿ ಒಂದು ರೂಢಿ ಇತ್ತು. ತಾಯಿ ಸತ್ತ ಮರಿ, ಅವಳಿಯಲ್ಲಿ ಬಡಕಲಾದದ್ದು, ಮೊಲೆ ಹಿಡಿಯಲು ಬಾರದ್ದು, ಇಂಥವುಗಳ ಕೊರಳಿಗೆ ಅಪ್ಪ ಕೆಂಪು ಅರಿವೆಯ ಚಿಂದಿ ಕಟ್ಟುತ್ತಿದ್ದ. ಸಂಜೆಯ ಮಬ್ಬಿನಲ್ಲಿ ಕರಿಯ ಮರಿಗಳ ನಡುವೆ ಅದು ಎದ್ದು ಕಾಣುತ್ತಿತ್ತು. ಹಿಂಡು ಮೇದು ಬಂದ ಕೂಡಲೇ, ಹಟ್ಟಿಯಲ್ಲಿ ಯಾರೇ ಇರಲಿ, ಮೊದಲು ಕೆಂಪಿನ ಮರಿಯನ್ನು ಹಿಡಿದು ಹಾಲಿರುವ ಕುರಿಗೆ ಬಿಡಬೇಕು. ಅದರ ಹೊಟ್ಟೆ ತುಂಬುವ ತನಕ ಉಳಿದ ಮರಿಗಳು ಎಷ್ಟೇ ಒದರಿದರೂ ಬಿಡುವಂತಿರಲಿಲ್ಲ.

"ನಾ ನಮ್ಮ ಹಟ್ಟ್ಯಾಗ ಅಟ್ಟ ಹಿಂಗ ಮಾಡ್ತಾರಂತ ತಿಳಕೊಂಡಿದ್ದೆ" ಎಂದ ಅಪ್ಪ. "ಹಿಂದ ಬಿದ್ದವ್ರಿಗೆ ಕೆಂಪು ಕಟ್ಟಿ ಮೊದಲ ಅವ್ರಿಗೆ ಕಲಸ್ತಾರ, ಆಮ್ಯಾಲ ಉಳದವ್ರಿಗೆ. ಹೌದಿಲ್ಲೋ? ಇಂಥಾ ಮಾಸ್ತರು ಎಲ್ಲಿ ಸಿಗ್ತಾರ ಯವ್ವಾ!"

ಹೂಂ ಎಂದೆ. ಮತ್ತೇನು ಅನ್ನಬೇಕಿತ್ತು? ಅವನ ಮಡಿಲಲ್ಲಿ ಒಂದು ಮರಿ ಇತ್ತು, ಕೊರಳಲ್ಲಿ ಕೆಂಪು ಚಿಂದಿ. ಹಾಲು ಕುಡಿದು ಹೊಟ್ಟೆ ಬಿರಿಯುವಂತಾಗಿ ಕಣ್ಣು ಮುಚ್ಚಿತ್ತು. ನನಗೆ ಆ ಮರಿಯ ಮೇಲೆ ಹೊಟ್ಟೆಕಿಚ್ಚಾಯಿತು.

ಅಪ್ಪ ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಸುಮ್ಮನಿರುವ ಪೈಕಿಯೇ? ಚಹಾದ ಅಂಗಡಿಯಲ್ಲಿ, ಗುಡಿಯ ಕಟ್ಟೆಯ ಮೇಲೆ, ಕುರಿ ಕೂಡಿಸಿದ ಹೊಲದ ಗೌಡರ ಮುಂದೆ, ಎಲ್ಲ ಕಡೆ ಅದೇ ಮಾತು. "ನಮ್ಮ ಹುಡಗಿ ಸಾಲ್ಯಾಗ ಭಾಳ ಕಾಳಜಿ ಮಾಡ್ತಾರ್ರಿ, ಕೆಂಪು ಕಟ್ಟಿ ಮುದ್ದಾಂ ಕಲಸಾಕತ್ತಾರ." ಕೇಳಿದವರೂ ಹೌದ್ಹೌದು ಎನ್ನುತ್ತಿದ್ದರು. ಒಂದು ದಿನ ಶಾಲೆಗೆ ಬಂದು ಹೆಡ್ ಸರ್‌ಗೆ ಕೈ ಮುಗಿದು ಹೋಗುತ್ತೇನೆ ಎಂದೂ ಸುರು ಮಾಡಿದ. ಸರ್ ರಜೆಯ ಮೇಲಿದ್ದಾರೆ ಎಂದೆ. ಸರ್ ಯಾರನ್ನೂ ಭೆಟ್ಟಿಯಾಗುವುದಿಲ್ಲ ಎಂದೆ. ಅಷ್ಟರಲ್ಲಿ ಹಿಂಡು ಬೇರೆ ಊರಿನ ಹೊಲಕ್ಕೆ ಹೋಯಿತು, ಉಸಿರು ಬಿಟ್ಟೆ.

ಅಂಜಿದವರ ಮೇಲೆ ಕಪ್ಪೆ ಎಸೆದಂತೆ, ಅದೇ ವಾರ ಹೆಡ್ ಸರ್ ಪ್ರಾರ್ಥನೆಯಲ್ಲಿ ಹೇಳಿದರು. ಕೆಂಪಿನವರೆಲ್ಲರ ತಂದೆ ಅಥವಾ ತಾಯಿ ಶನಿವಾರ ಶಾಲೆಗೆ ಬರಬೇಕು. ಸುಧಾರಿಸದವರಿಗೆ ಹತ್ತನೆಯ ಇಯತ್ತೆಗೆ ಮೊದಲೇ ಟಿ.ಸಿ. ಕೊಟ್ಟು ಕಳಿಸಲಾಗುವುದು.

ಟಿ.ಸಿ. ಎಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಇಬ್ಬರು ಅತ್ತರು. ನನಗೆ ಅಳು ಬರಲಿಲ್ಲ. ಶಾಲೆ ಹೋದರೆ ಹೋಗಲಿ, ಅಪ್ಪ ಆ ಶಾಲೆಯ ಮೆಟ್ಟಿಲು ಹತ್ತಬಾರದು. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ. ಗೆಳತಿಗೂ ಹೇಳಬೇಡ ಎಂದು ಆಣೆ ಹಾಕಿಸಿದೆ. ಆದರೆ ಅವಳ ಅಪ್ಪನಿಗೆ ಆಣೆ ಹಾಕಿಸುವುದು ನನಗೆ ಹೊಳೆಯಲಿಲ್ಲ. ಅಂಗಡಿಗೆ ಬರುವ ಗಿರಾಕಿಗಳಿಂದ ಅವರಿಗೆ ಊರೆಲ್ಲ ಸುದ್ದಿ. ಅಪ್ಪ ಹಿಂಡಿಗೆ ಉಪ್ಪು ಒಯ್ಯಲು ಊರಿಗೆ ಬಂದಾಗ, "ಶನಿವಾರ ಮೀಟಿಂಗ್ ಐತಂತಲ್ಲೋ, ನಿನಗೂ ಕರದಾರಲ್ಲ" ಎಂದುಬಿಟ್ಟಿದ್ದರು.

ಶನಿವಾರ ಕಿಟಕಿಯಿಂದ ನೋಡುತ್ತೇನೆ, ಅಪ್ಪ ಗೇಟಿನೊಳಗೆ ಬರುತ್ತಿದ್ದಾನೆ. ತೊಳೆದ ಧೋತರ, ತಲೆಗೆ ಪಟಕಾ, ಕೈಯಲ್ಲಿ ಹೊಸ ಕಂಬಳಿ. ಸ್ವಂತಕ್ಕೆ ಎಂದು ನಮ್ಮ ಕುರಿಯ ಉಣ್ಣೆಯಿಂದಲೇ ನೇಯಿಸಿ ಇಟ್ಟುಕೊಂಡದ್ದು. ಯಾರಿಗಾಗಿ ತಂದಿದ್ದಾನೆ ಎಂದು ಕೇಳದೆಯೇ ತಿಳಿಯಿತು.

ಜಮಖಾನದ ಮೇಲೆ ತಂದೆ ತಾಯಿಗಳು, ಅವರ ಪಕ್ಕದಲ್ಲಿ ನಾವು. ಹಿರಿಯರೆಲ್ಲ ಕೆಳಗೆ ನೋಡುತ್ತ ಕುಳಿತಿದ್ದರು. ಹೆಡ್ ಸರ್ ಫಲಿತಾಂಶದ ಬಗ್ಗೆ, ಶಾಲೆಯ ಹೆಸರಿನ ಬಗ್ಗೆ ಮಾತಾಡಿದರು. ಕೊನೆಗೆ, "ಯಾರಿಗರೆ ಏನರೆ ಹೇಳೂದೈತೇನ್ರಿ?" ಎಂದರು.

ಅಪ್ಪ ಎದ್ದು ನಿಂತ.

"ಅಪ್ಪಾ, ಕುಂದ್ರ" ಎಂದೆ ಪಿಸುದನಿಯಲ್ಲಿ. ಅವನ ಕೈಯಲ್ಲಿದ್ದ ಕಂಬಳಿಯ ಕುಚ್ಚು ಹಿಡಿದು ಎಳೆದೆ. "ಅಪ್ಪಾ, ಎಲ್ಲಾರೂ ನೋಡಾಕತ್ತಾರ, ಕುಂದ್ರ." ಕುಚ್ಚಿನ ಎಳೆಗಳು ನಡುಗುತ್ತಿದ್ದವು. ನಾನು ಎಳೆದದ್ದಕ್ಕೆ ಎಂದುಕೊಂಡೆ.

"ಮಾಸ್ತರ್ರ, ನಾನು ಕಲತಾಂವ ಅಲ್ರಿ" ಎಂದ ಅಪ್ಪ. "ಆದರ ನೀವು ಮಾಡಿದ್ದು ನನಗ ತಿಳದೈತ್ರಿ. ನಮ್ಮ ಹಟ್ಟ್ಯಾಗೂ ಬಡಕಲ ಮರಿಗೆ ಕೆಂಪು ಕಟ್ಟತೇವ್ರಿ. ಮೊದಲ ಹಾಲು ಅದಕ್ಕ. ನೀವೂ ನಮ್ಮ ಹುಡುಗ್ರಿಗೆ ಹಂಗ ಮೊದಲ ಕಲಸಾಕತ್ತೀರಿ. ನಿಮ್ಮ ಉಪಕಾರ ಭಾಳ ಆತ್ರಿ." ಅಷ್ಟು ಹೇಳಿ ಕಂಬಳಿಯನ್ನು ಎರಡೂ ಕೈಯಿಂದ ಮುಂದೆ ಚಾಚಿದ.

ಗೋಡೆಗುಂಟ ನಿಂತಿದ್ದ ಮಾಸ್ತರರಲ್ಲಿ ಯಾರೋ ಒಬ್ಬರು ನಕ್ಕರು. ಆಮೇಲೆ ಹಲವರು. ಹೆಡ್ ಸರ್ ನಗಲಿಲ್ಲ. ಅವರಿಗೆ ನಿಜಕ್ಕೂ ಪಾಪ ಅನಿಸಿತ್ತು ಎಂದು ಈಗಲೂ ನಂಬುತ್ತೇನೆ. ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ತಿಳಿಸಿ ಹೇಳುವ ದನಿಯಲ್ಲಿ ಹೇಳಿದರು.

"ಹಂಗಲ್ರಿ ಯಜಮಾನ್ರ. ಕೆಂಪು ಅಂದ್ರ ಇವ್ರ ಕೈಲಿ ಆಗೂದಿಲ್ಲ ಅಂತ ಅರ್ಥ. ಇವ್ರ ಮ್ಯಾಲ ವ್ಯಾಳ್ಯಾ ಹಾಕಿದ್ರ ಕಲಿಯೂ ಹುಡುಗ್ರದೂ ಹಾಳಾಗತೈತಿ. ನಿಮ್ಮ ಹುಡಗಿಗೆ ಬ್ಯಾರೆ ಏನರೆ ದಾರಿ ನೋಡ್ರಿ. ಹೊಲಿಗಿ ಅದು ಇದು."

ಅಪ್ಪ ತಲೆಯಾಡಿಸಿದ. "ಹೌದ್ರಿ" ಎಂದ. "ನೀವು ತಿಳದವ್ರು." ಕಂಬಳಿಯನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ, ಚಾಚಿದ ಕೈ ಚಾಚಿದಂತೆಯೇ ಇತ್ತು. "ಇರಲಿ ಕೊಡ್ರಿ, ಪ್ರೀತಿಲೆ ತಂದೀರಿ" ಎಂದು ಹೆಡ್ ಸರ್ ತೆಗೆದುಕೊಂಡರು. ಆ ಚಳಿಗಾಲವೆಲ್ಲ ಅದು ಅವರ ಕುರ್ಚಿಯ ಮೇಲೆ ಹಾಸಿತ್ತು. ಆಫೀಸಿನ ಮುಂದೆ ಹಾದುಹೋಗುವಾಗ ನಾನು ಇನ್ನೊಂದು ಬದಿಯ ಗೋಡೆ ನೋಡುತ್ತಿದ್ದೆ.

ನಾಗನೂರಿನಲ್ಲಿ ಇಳಿದ ಮೇಲೆ ಅಪ್ಪ ಚಹಾದ ಅಂಗಡಿಯ ಮುಂದಿನ ಹಾದಿ ಬಿಟ್ಟು ಹಿತ್ತಲ ಹಾದಿ ಹಿಡಿದ.

"ಮಾಸ್ತರು ಅಂದದ್ದು ಖರೆ ಏನು?"

"ಗೊತ್ತಿಲ್ಲಪ್ಪಾ."

ಅದು ಸುಳ್ಳಲ್ಲ, ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವನು ನಿಂತ. "ನಾ ಊರ ತುಂಬ ಹೇಳಿ ಬಂದೇನಲ್ಲ ಯವ್ವಾ" ಎಂದ. ಬೈದಿದ್ದರೆ ಚೆನ್ನಾಗಿತ್ತು. ಅವನ ಕಣ್ಣು ನನ್ನ ಮುಖಕ್ಕೆ ಬಂತು, ಜಡೆಗೆ ಇಳಿಯಿತು. ಆ ನೋಟದ ಗುರುತು ನನಗಿತ್ತು. ವಿಜ್ಞಾನದ ಟೀಚರ ನೋಟ ಅದು, ಈಗ ಅಪ್ಪನ ಮುಖದಲ್ಲಿ. ನಾನು ಜೀವಮಾನದಲ್ಲಿ ಅಷ್ಟು ಅಂಜಿದ್ದು ಮತ್ತೆಂದೂ ಇಲ್ಲ.

ಮರುದಿನ ಹಟ್ಟಿಗೆ ಬುತ್ತಿ ಒಯ್ದಾಗ ಯಾವ ಮರಿಯ ಕೊರಳಲ್ಲೂ ಕೆಂಪು ಇರಲಿಲ್ಲ. ಬಡಕಲು ಮರಿಗಳಿಗೆಲ್ಲ ಬಿಳಿಯ ಚಿಂದಿ. ಕರಿಯ ಮರಿಗಳ ನಡುವೆ ಬಿಳಿಯೂ ಕಾಣುತ್ತಿತ್ತು, ಹಾಲು ಮೊದಲಿನಂತೆಯೇ ಸಿಗುತ್ತಿತ್ತು.

ಹೊಲಿಗೆಗೆ ಹಾಕಲಿಲ್ಲ ಅಪ್ಪ. ಪರೀಕ್ಷೆ ಮುಗಿದ ಮೇಲೆ ಟಿ.ಸಿ. ಕೈಗೆ ಬಂತು, ನನ್ನನ್ನು ಹುಕ್ಕೇರಿಗೆ, ಸೋದರತ್ತೆಯ ಮನೆಗೆ ಕರೆದೊಯ್ದು ಅಲ್ಲಿಯ ಶಾಲೆಗೆ ಸೇರಿಸಿದ. ಅಲ್ಲಿ ಎಲ್ಲರ ಜಡೆಗೂ ಕರಿಯ ರಿಬ್ಬನ್ನು. ಮೊದಲ ದಿನ ಗಣಿತದ ಮಾಸ್ತರು ಏನೋ ಕೇಳಿ ನನ್ನ ಕಡೆ ನೋಡಿ ನಿಂತರು, ದಾಟಿ ಹೋಗದೆ ನಿಂತೇ ಇದ್ದರು. ನನಗೆ ಉತ್ತರ ಗೊತ್ತಿತ್ತು, ಬಾಯಿ ಬಿಡಲಾಗಲಿಲ್ಲ. ಅತ್ತುಬಿಟ್ಟೆ. ಹತ್ತನೆಯ ಇಯತ್ತೆ ಪಾಸಾದೆ, ಮುಂದೆಯೂ ಒಂದಿಷ್ಟು ಕಲಿತೆ, ಟೈಪಿಂಗ್ ಕಲಿತೆ, ಮದುವೆಯಾಗಿ ಗೋಕಾಕಕ್ಕೆ ಬಂದೆ. ಆದರೆ ಕೈ ಎತ್ತಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಸುಮ್ಮನೆ ಇಳಿದು ಬಂದಿದ್ದೇನೆ.

ಈಗ ಮಗಳು ಒಂಬತ್ತನೆಯ ಇಯತ್ತೆ. ಮೊನ್ನೆ ಅವಳ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಪರೀಕ್ಷೆಯ ಅಂಕಗಳು ಬಂದವು. ಕಡಿಮೆ ಬಂದವರ ಹೆಸರಿನ ಸಾಲಿಗೆ ಕೆಂಪು ಬಣ್ಣ. ನನ್ನ ಮಗಳ ಸಾಲೂ ಕೆಂಪು. ಆಮೇಲೆ ಗಮನಿಸಿದೆ, ಊಟಕ್ಕೆ ಕುಳಿತಾಗ ಅವಳು ಮಾತಾಡುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಪಲ್ಯಕ್ಕೆ ಉಪ್ಪು ಸರಿಯಾಗಿದೆಯೇ ಎಂದು ಕೇಳಿದರೂ "ಗೊತ್ತಿಲ್ಲ" ಎನ್ನುತ್ತಿದ್ದಳು.

ಪಾಲಕರ ಸಭೆಗೆ ನಾನೂ ಮಗಳೂ ಹೋದೆವು. ಗೇಟು ದಾಟುವಾಗಲೇ ನನ್ನ ಅಂಗೈ ತೊಯ್ದಿತ್ತು. ಅದೇ ಫಲಿತಾಂಶದ ಮಾತು, ಅದೇ ಶಾಲೆಯ ಹೆಸರು. ಕೊನೆಗೆ ಮುಖ್ಯೋಪಾಧ್ಯಾಯಿನಿ ಕೇಳಿದರು, "ಯಾರಾದ್ರೂ ಏನಾದ್ರೂ ಕೇಳೂದೈತೇನ್ರಿ?"

ನನ್ನ ಕೈ ಮೇಲಿತ್ತು. ಯಾವಾಗ ಎತ್ತಿದೆನೋ ತಿಳಿಯದು.

"ಅವ್ವಾ, ಕೈ ಇಳಸ" ಎಂದಳು ಮಗಳು. ಸೆರಗು ಹಿಡಿದು ಎಳೆದಳು. "ಅವ್ವಾ, ಎಲ್ಲಾರೂ ನೋಡಾಕತ್ತಾರ."

ಎದ್ದು ನಿಂತೆ. "ಕೆಂಪು ಹಚ್ಚೀರಲ್ರಿ ಮೇಡಂ" ಎಂದೆ. "ಈ ಹುಡುಗ್ರಿಗೆ ಮೊದಲ ಕಲಸ್ತೀರೋ, ಕಡೀಕ ಕಲಸ್ತೀರೋ?"

ಅವರು ನನ್ನನ್ನೇ ನೋಡಿದರು. ಹಿಂದೆ ಯಾರೋ ನಕ್ಕರು. ಮಗಳು ಸೋತು ಸೆರಗು ಬಿಟ್ಟಳು. ಅವಳು ಬಿಟ್ಟ ಮೇಲೂ ಸೆರಗು ನಡುಗುತ್ತಲೇ ಇತ್ತು. ಅಂದು ಮೂಡಲಗಿಯಲ್ಲಿ ಕಂಬಳಿಯ ಕುಚ್ಚು ನಡುಗಿದ್ದು ನಾನು ಎಳೆದದ್ದಕ್ಕಲ್ಲ.